ಉಂಚಳ್ಳಿಗೆ ಹೋಗುವ ಮುನ್ನ ಬೆಟ್ಟ ನೋಡಿ

ಶಿರಸಿಯಿಂದ ಉಂಚಳ್ಳಿ ಜಲಪಾತಕ್ಕೆ ಸುಮಾರು 35 ಕಿ.ಮೀ. ಹೆಗ್ಗರಣೆಯ ಕಡೆ ಹೊರಳಿದ ಮೇಲೆ ಗದ್ದೆಬಯಲು ಕಿರಿದಾಗುತ್ತ, ಗುಡ್ಡಗಳ ನಡುವಿನ ತಗ್ಗಿನಲ್ಲಿ ಅಡಿಕೆ ತೋಟಗಳು ಕಾಣಿಸತೊಡಗುತ್ತವೆ. ಜಲಪಾತಕ್ಕೆಂದು ಹೊರಟ ಕಾರುಗಳು ಇಲ್ಲಿ ನಿಲ್ಲುವುದು ಕಡಿಮೆ. ನಿಲ್ಲಬೇಕು. ಅಘನಾಶಿನಿ ನದಿ 116 ಮೀಟರ್ ಆಳಕ್ಕೆ ಧುಮುಕುವುದನ್ನು ನೋಡುವ ಮೊದಲು, ಮಳೆಯ ನೀರು ಎಲ್ಲಿ ತಂಗಿ ಹೊಳೆಗೆ ಬರುತ್ತದೆಂದು ನೋಡಬೇಕು.

ತೋಟಕ್ಕಿಳಿದರೆ ನಡುಮಧ್ಯಾಹ್ನವೂ ತಂಪು. ಅಡಿಕೆ ಮರ ತಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ಏಲಕ್ಕಿ, ನಡುನಡುವೆ ಬಾಳೆ. ಬಸಿಗಾಲುವೆ ದಾಟಲು ಅಡಿಕೆ ದಬ್ಬೆಯ ಸಂಕ. ದೀಪಾವಳಿ ಕಳೆದ ಮೇಲೆ ಹೋದರೆ ಕೊನೆಕೊಯ್ಲಿನ ಗಡಿಬಿಡಿ. ಅಡಿಕೆ ಬೇಯುವ ಹಂಡೆಯ ಚೊಗರಿನ ವಾಸನೆ ರಸ್ತೆಯವರೆಗೂ ಬರುತ್ತದೆ.

ಈ ತೋಟದ ಅನ್ನವಿರುವುದು ಮೇಲಿನ ಗುಡ್ಡದಲ್ಲಿ. ಅದೇ ಸೊಪ್ಪಿನ ಬೆಟ್ಟ. ಎಕರೆ ತೋಟಕ್ಕೆ 9 ಎಕರೆಯವರೆಗೆ ಎಂಬ ಲೆಕ್ಕದಲ್ಲಿ, ಬ್ರಿಟಿಷರ ಕಾಲದಿಂದ ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಬಿಟ್ಟುಕೊಟ್ಟಿರುವ ಕಾಡು. ನೆಲ ಸರ್ಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು, ಒಣಕಟ್ಟಿಗೆ ತರುವ ಸವಲತ್ತು ತೋಟಿಗರದ್ದು. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು ಕೊಟ್ಟಿಗೆ ಸೇರಿ, ದನಗಳ ಕಾಲಡಿ ಸಗಣಿ-ಗಂಜಲದೊಡನೆ ಕಲೆತು ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಬೆಟ್ಟದ ಹಣೆಬರಹವೆಲ್ಲ ಕತ್ತಿ ಹಿಡಿದವನ ಕೈಯಲ್ಲಿದೆ. ಮರದ ತುದಿ ಉಳಿಸಿ ಅಡ್ಡಗೊಂಬೆಗಳನ್ನಷ್ಟೇ ಸವರಿ, ಚಿಗುರಲು ಬಿಡುವು ಕೊಟ್ಟರೆ ಮರ ಬಾಳುತ್ತದೆ. ವರ್ಷವರ್ಷವೂ ಬೋಳಿಸಿದರೆ ಅದೇ ಬೆಟ್ಟ ಕೆಲವು ದಶಕಗಳಲ್ಲಿ ಬರೀ ಹುಲ್ಲಿನ ಬೇಣವಾಗುತ್ತದೆ. ನೆಲದಲ್ಲಿ ಇಂಗಬೇಕಾದ ಮಳೆ ಮಣ್ಣು ಹೊತ್ತು ಓಡುತ್ತದೆ. ಮರಗಳ ನೆರಳಲ್ಲಿ ಕಾಲಿಟ್ಟರೆ ದರಕಿನ ಅಡಿಯ ಮಣ್ಣು ಮೆತ್ತಗೆ ಕುಸಿಯುತ್ತದಲ್ಲ, ಹೊಳೆಯ ಉಗ್ರಾಣ ಅದು.

ಮುಂದೆ ತೋಟ ಮುಗಿದು ಕಾಡು ಕವಿಯುತ್ತದೆ. ಕೊನೆಗೆ ಕಾಲುದಾರಿ, ಮೆಟ್ಟಿಲು. ನೀರು ಕಾಣುವ ಮೊದಲೇ ಸದ್ದು ಬಂದು ಮುಟ್ಟುತ್ತದೆ. ಕಿವಿ ಕೆಪ್ಪಾಗಿಸುವ ಈ ಅಬ್ಬರಕ್ಕೇ ಊರವರು ‘ಕೆಪ್ಪ ಜೋಗ’ ಎಂದರು. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿ ಲಶಿಂಗ್ಟನ್ ಹೆಸರೂ ಜಲಪಾತಕ್ಕೆ ಅಂಟಿಕೊಂಡಿತು. ನನಗೆ ಊರವರಿಟ್ಟ ಹೆಸರೇ ಹೆಚ್ಚು ಪ್ರೀತಿ. ಜಡಿಮಳೆಯಲ್ಲಿ ಹೋದರೆ ಮಂಜು ಎಲ್ಲವನ್ನೂ ಮುಚ್ಚಿಬಿಡಬಹುದು, ಕಾಲಿಗೆ ಉಂಬಳ ಹತ್ತುತ್ತವೆ. ಮಳೆ ಹಿಂದೆ ಸರಿದ ಮೇಲೆ ಕಮರಿ ಬುಡದವರೆಗೂ ತೆರೆದುಕೊಳ್ಳುತ್ತದೆ.

ಈ ಕಣಿವೆಯ ಕಾಡು ಸಿಂಗಳೀಕಗಳ ಮನೆ. 2011ರಲ್ಲಿ ಸುಮಾರು 300 ಚದರ ಕಿ.ಮೀ. ಕಾಡನ್ನು ಅವುಗಳ ಹೆಸರಿನಲ್ಲೇ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅವು ತಿನ್ನುವ ಉಪ್ಪಾಗೆ ಹಣ್ಣನ್ನೇ ಊರವರೂ ಕೊಯ್ದು ಮಾರುತ್ತಾರೆ. ಹಣ್ಣಾಗುವುದು ಮಳೆಗಾಲದಲ್ಲಿ, ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಲು ಕಟ್ಟಿಗೆಯೂ ಬಹಳ ಬೇಕು. ಪೈಪೋಟಿಗೆ ಬಿದ್ದು ಎಳಸು ಕಾಯಿಗೇ ಕೊಂಬೆ ಕಡಿದರೆ ಮಂಗನಿಗೂ ಇಲ್ಲ, ಮನೆಗೂ ಇಲ್ಲ. ಹಣ್ಣಾಗುವವರೆಗೆ ಕಾದು, ಮರದಲ್ಲೂ ಒಂದಿಷ್ಟು ಬಿಟ್ಟು ಬರುವ ಕೈಗಳ ಬಗ್ಗೆ ನನಗೆ ದೊಡ್ಡ ಗೌರವ.

ಕಮರಿ ದಾಟಿದ ಅಘನಾಶಿನಿ ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಕುಮಟಾ ಬಳಿ ಕಡಲು ಸೇರುತ್ತದೆ. ಅಲ್ಲಿನ ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವುದು ಉಪ್ಪುನೀರನ್ನೂ ತಾಳಿಕೊಳ್ಳುವ ಕಗ್ಗ ಭತ್ತ. ಅದನ್ನು ನೋಡಲು ಇನ್ನೊಂದು ದಿನ ಎತ್ತಿಡಬೇಕು.