ಬಾವಿಯೊಳಗೆ ಕಾಂಕ್ರೀಟಿನ ಗೋಡೆ ಹಾಕುವ ಕ್ರಮ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಪ್ರಾಂತ್ಯವು ಭದ್ರಾ ನಾಲೆಯ ಅಚ್ಚುಕಟ್ಟಿಗೆ ಸೇರಿದುದು. ಇಂತಹ ನೆಲದಲ್ಲಿ ನಾಲೆಯ ನೀರು ಹರಿಯುವ ತಿಂಗಳುಗಳಲ್ಲಿ ಅಂತರ್ಜಲವು ಮೇಲೇರಿ, ತೆರೆದ ಬಾವಿಗಳ ಮಣ್ಣಿನ ದಡವು ನೆನೆದು ಕುಸಿಯುವುದುಂಟು. ಬಂಡೆಯ ಮೇಲಣ ಈ ಮಣ್ಣಿನ ಭಾಗಕ್ಕೆ ಕಾಂಕ್ರೀಟಿನ ಗೋಡೆ ಹಾಕಿಸಬಯಸುವ ರೈತರು ನಾಲೆಯು ನಿಂತು ಬಾವಿಯ ನೀರು ಇಳಿದಿರುವ ಕಾಲವನ್ನೇ ಆರಿಸಿಕೊಳ್ಳತಕ್ಕದ್ದು.

ಕಾಂಕ್ರೀಟು ಎಡೆಬಿಡದೆ ಬೀಳುತ್ತಿರಬೇಕು. ಕೆಳಗಿನ ವರಸೆಯು ಬಿಗಿದ ಮೇಲೆ ಮುಂದಿನದನ್ನು ಸುರಿದರೆ ನಡುವೆ ಸಂದು ಉಳಿಯುವುದು. ಆಳುಗಳನ್ನಾದರೋ ಗಾಳಿಯಾಡದ ಗುಂಡಿಯಲ್ಲಿ ಬಹಳ ಹೊತ್ತು ನಿಲ್ಲಿಸಕೂಡದು. ಇವೆರಡಕ್ಕೂ ಹೊಂದುವ ಉಪಾಯವೆಂದರೆ ದಿನಕ್ಕೆ 3 ಅಡಿಗಿಂತ ಹೆಚ್ಚು ಎತ್ತರ ಹಾಕದಿರುವುದು. 10 ಅಡಿ ಒಳವ್ಯಾಸದ ಬಾವಿಗೆ 6 ಅಂಗುಲ ದಪ್ಪದ ಗೋಡೆಯಾದರೆ ಇಷ್ಟು ಎತ್ತರಕ್ಕೆ ಸುಮಾರು 50 ಘನ ಅಡಿ ಕಾಂಕ್ರೀಟು, 9 ಮೂಟೆ ಸಿಮೆಂಟು ಬೇಕಾಗುವುದು. ಅಲ್ಪವೆಂದು ತೋರಿದರೂ ಇದರ ತೂಕವು 3 ಟನ್ನಿಗೂ ಹೆಚ್ಚು. ಅಷ್ಟೂ ಆಳುಗಳ ತಲೆಯ ಮೇಲಿನಿಂದಲೇ ಇಳಿಯಬೇಕು. ರಾಟೆ, ಹಗ್ಗಗಳನ್ನು ಪ್ರತಿದಿನವೂ ಪರೀಕ್ಷಿಸದ ಮೇಸ್ತ್ರಿಯನ್ನು ಈ ಕೆಲಸಕ್ಕೆ ಇಟ್ಟುಕೊಳ್ಳದಿರುವುದೇ ಲೇಸು.

ಹಳೆಯ ಬಾವಿಯ ತಳದಲ್ಲಿ ಅಂಗಾರಾಮ್ಲ ವಾಯುವು ಶೇಖರವಾಗಿರಬಹುದು. ಅದು ಗಾಳಿಗಿಂತ ಭಾರವಾದುದು, ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನವರು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಅಪಾಯವೆಂಬುದು ನಿಜ. ಉರಿದರೆ ಕ್ಷೇಮವೆಂಬುದು ನಿಜವಲ್ಲ. ನೀರೆತ್ತಲು ಬಾವಿಯೊಳಗಿಟ್ಟ ಪೆಟ್ರೋಲ್ ಇಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ದೀಪವನ್ನು ಆರಿಸದೆಯೇ ಮನುಷ್ಯನನ್ನು ಕೊಲ್ಲುವುದು. ಆದುದರಿಂದ ಇಂಜಿನನ್ನು ಬಾವಿಗೆ ಇಳಿಸಲೇಬಾರದು. ಬಾಯಿಯ ಹತ್ತಿರವೂ ಇಡಬಾರದು. ಕೊಳವೆಯ ಮೂಲಕ ತಳದವರೆಗೆ ಶುದ್ಧವಾದ ಗಾಳಿಯನ್ನು ಊದಿಸಿ, ಮಾಪಕದಿಂದ ಅಳೆದು, ಆಮ್ಲಜನಕವು ನೂರಕ್ಕೆ 19.5ಕ್ಕೆ ಕಡಮೆಯಿಲ್ಲವೆಂದೂ ವಿಷವಾಯುವಿಲ್ಲವೆಂದೂ ತಿಳಿದ ತರುವಾಯವೇ ಇಳಿಯತಕ್ಕದ್ದು. ಕೆಲಸ ನಡೆಯುವಾಗಲೂ ಗಾಳಿಯನ್ನು ನಿಲ್ಲಿಸಕೂಡದು. ಇಳಿಯುವವನ ಮೈಗೆ ಹಗ್ಗ ಕಟ್ಟಿರಬೇಕು. ಅವನು ಕುಸಿದರೆ ಮೇಲಿನಿಂದ ಎಳೆಯಬೇಕಲ್ಲದೆ ಮತ್ತೊಬ್ಬನು ಇಳಿಯಬಾರದು. ಹಾಗೆ ಇಳಿದು ಒಬ್ಬನ ಹಿಂದೆ ಒಬ್ಬನು ಸತ್ತುದುಂಟು.

ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಮುಕ್ಕಾಲು ಅಂಗುಲದ ಜಲ್ಲಿ ಸಾಕು. 50 ಕಿಲೋ ಮೂಟೆಗೆ ನೀರು 30 ಲೀಟರಿಗೆ ಮೀರದಿರಲಿ. ಸರಳುಗಳ ಲೆಕ್ಕವನ್ನು ಇಂಜಿನಿಯರಿಂದ ಪಡೆಯತಕ್ಕದ್ದು. ಮೇಲಿನಿಂದ ಸುರಿದರೆ ಜಲ್ಲಿಯೂ ಗಾರೆಯೂ ಬೇರ್ಪಡುವುದರಿಂದ ಬಕೆಟ್ಟಿನಲ್ಲಿ ಇಳಿಸಿ, 5 ಅಡಿಗಿಂತ ಎತ್ತರದಿಂದ ಬೀಳದಂತೆ ಸೆಂಟ್ರಿಂಗ್ ಹಲಗೆಯ ಹಿಂದೆ ಹಾಕಬೇಕು. ಒಂದೇ ಪಕ್ಕಕ್ಕೆ ತುಂಬಿದರೆ ಹಲಗೆಯು ಸರಿಯುವುದು. ಸುತ್ತಲೂ ಸಮನಾಗಿ, ಅಡಿಯೊಳಗಿನ ವರಸೆಗಳಲ್ಲಿ ಹಾಕಿ, ಸಲಾಕೆಯು ಕೆಳಗಿನ ವರಸೆಯನ್ನೂ ಮುಟ್ಟುವಂತೆ ಕುಟ್ಟಬೇಕು. ಹಸಿ ಸಿಮೆಂಟು ಚರ್ಮವನ್ನು ಸುಡುವುದರಿಂದ ಬರಿಗಾಲಿನಲ್ಲಿ ನಿಲ್ಲಕೂಡದು.

ಮರುದಿನ ಮೇಲ್ಮೈಯ ನೊರೆಯನ್ನು ಕೆರೆದು ತೊಳೆದು ಮುಂದುವರಿಸಬಹುದು. ಗೋಡೆಯ ಹಿಂದಣ ನೀರು ಹೊರಬರಲು ಅಲ್ಲಲ್ಲಿ ಕೊಳವೆಯ ತುಂಡುಗಳನ್ನಿಟ್ಟಿರಬೇಕು. ಇಲ್ಲದಿದ್ದರೆ ನಾಲೆ ಬಿಟ್ಟ ಕೂಡಲೇ ಗೋಡೆಯ ಮೇಲೆ ಒತ್ತಡ ಬೀಳುವುದು. 10 ದಿನ ಗೋಡೆಯು ತೇವವಾಗಿರಲಿ. ನೀರನ್ನು ಮೇಲಿನಿಂದಲೇ ಚಿಮುಕಿಸಬಹುದಾದುದರಿಂದ ಇದಕ್ಕಾಗಿ ಯಾರೂ ಇಳಿಯಬೇಕಾಗಿಲ್ಲ.