ಲಸಿಕೆ ಹಾಕಿದರೂ ಕೊಕ್ಕರೆ ರೋಗವೇಕೆ? ಕೋಳಿಗಳಲ್ಲಿ ರೋಗನಿರೋಧಕ ಶಕ್ತಿ ಬೆಳೆಯುವ ಬಗೆ

"ಲಸಿಕೆ ಹಾಕಿಸಿದ್ದೆವು, ಆದರೂ ಕೋಳಿಗಳು ಸತ್ತವು" ಎಂಬ ಮಾತು ಕೋಳಿ ಸಾಕಣೆದಾರರಿಂದ ಆಗಾಗ್ಗೆ ಕೇಳಿಬರುತ್ತದೆ. ಆಗ ಲಸಿಕೆಯ ಗುಣಮಟ್ಟವನ್ನು ಶಂಕಿಸುವುದು ಸಹಜ. ಆದರೆ ಲಸಿಕೆಯು ತಾನೇ ವೈರಾಣುವನ್ನು ಕೊಲ್ಲುವುದಿಲ್ಲ. ವೈರಾಣುವನ್ನು ಎದುರಿಸಲು ಕೋಳಿಯ ದೇಹವನ್ನು ಸಜ್ಜುಗೊಳಿಸುತ್ತದೆ. ಇದಕ್ಕೆ ಸೂಕ್ತ ವಯಸ್ಸು, ಆರೋಗ್ಯವಂತ ಕೋಳಿ ಹಾಗೂ ಕೆಡದ ಲಸಿಕೆ ಮೂರೂ ಅಗತ್ಯ. ಕೊಕ್ಕರೆ ರೋಗ ಅಥವಾ ರಾಣಿಖೇತ್ ರೋಗದ ಉದಾಹರಣೆಯೊಂದಿಗೆ ಇದನ್ನು ತಿಳಿಯೋಣ.

ತಾಯಿಯಿಂದ ಬರುವ ರಕ್ಷಣೆ

ಲಸಿಕೆ ಪಡೆದ ತಾಯಿಕೋಳಿಯ ಪ್ರತಿಕಾಯಗಳು ಮೊಟ್ಟೆಯ ಹಳದಿ ಭಾಗದ ಮೂಲಕ ಮರಿಗೆ ದೊರೆಯುತ್ತವೆ. ಇವುಗಳ ಪ್ರಮಾಣ ಸುಮಾರು 4-5 ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಮರಿಯನ್ನು ಕಾಯುವ ಇದೇ ಪ್ರತಿಕಾಯಗಳು ಬೇಗನೆ ನೀಡಿದ ಲಸಿಕೆಯನ್ನೂ ನಿಷ್ಫಲಗೊಳಿಸಬಲ್ಲವು. ಆದ್ದರಿಂದಲೇ ಮೊದಲ ಲಸೋಟಾ ಅಥವಾ ಎಫ್ ಲಸಿಕೆಯನ್ನು 5-7ನೇ ದಿನ ಕಣ್ಣಿಗೆ ಅಥವಾ ಮೂಗಿಗೆ ಹನಿಯಾಗಿ ಹಾಕಲಾಗುತ್ತದೆ. ಕಣ್ಣಿನ ಹಿಂಭಾಗದಲ್ಲಿರುವ ಹಾರ್ಡೇರಿಯನ್ ಗ್ರಂಥಿಯು ಅಲ್ಲಿಯೇ ಪ್ರತಿಕಾಯಗಳನ್ನು ಉತ್ಪಾದಿಸಿ, ವೈರಾಣು ಒಳನುಗ್ಗುವ ಶ್ವಾಸಮಾರ್ಗಕ್ಕೆ ಕಾವಲು ನಿಲ್ಲಿಸುತ್ತದೆ. ಈ ಸ್ಥಳೀಯ ರಕ್ಷಣೆಗೆ ತಾಯಿಯ ಪ್ರತಿಕಾಯಗಳ ಅಡ್ಡಿ ಕಡಿಮೆ.

ದೇಹದೊಳಗಿನ ಎರಡು ಪಡೆಗಳು

ಕೋಳಿಯ ಗುದದ್ವಾರದ ಮೇಲ್ಭಾಗದಲ್ಲಿ ಫ್ಯಾಬ್ರಿಶಿಯಸ್ ಚೀಲವೆಂಬ ಅಂಗವಿದೆ. ಪ್ರತಿಕಾಯ ಉತ್ಪಾದಿಸುವ ಬಿ ಜೀವಕೋಶಗಳು ಇಲ್ಲಿ ಪಕ್ವಗೊಳ್ಳುತ್ತವೆ. ಕುತ್ತಿಗೆಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಬೆಳೆಯುವ ಟಿ ಜೀವಕೋಶಗಳು ವೈರಾಣು ಹೊಕ್ಕ ಜೀವಕೋಶಗಳನ್ನು ಗುರುತಿಸಿ ನಾಶಪಡಿಸುತ್ತವೆ. ಲಸಿಕೆ ನೀಡಿದ ನಂತರ ಸಾಕಷ್ಟು ಪ್ರತಿಕಾಯಗಳು ಬೆಳೆಯಲು ಸುಮಾರು 10-14 ದಿನ ಬೇಕು. ಈ ಅವಧಿಯಲ್ಲಿ ಸೋಂಕು ತಗುಲಿದರೆ ಕೋಳಿ ಸಾಯಬಹುದು; ಅದು ಲಸಿಕೆಯ ತಪ್ಪಲ್ಲ. ದೇಹದಲ್ಲಿ ಉಳಿಯುವ ಸ್ಮರಣ ಜೀವಕೋಶಗಳಿಂದಾಗಿ ಎರಡನೆಯ ಲಸಿಕೆಗೆ ದೊರೆಯುವ ಪ್ರತಿಕ್ರಿಯೆ ಹೆಚ್ಚು ಶೀಘ್ರವೂ ಪ್ರಬಲವೂ ಆಗಿರುತ್ತದೆ. ಆದುದರಿಂದ ಬಲವರ್ಧಕ ಲಸಿಕೆಯನ್ನು ತಪ್ಪಿಸಬಾರದು.

ಗುಂಬೋರೋ: ಬೇರಿಗೇ ಕೊಡಲಿಪೆಟ್ಟು

ಗುಂಬೋರೋ ವೈರಾಣು ಫ್ಯಾಬ್ರಿಶಿಯಸ್ ಚೀಲವನ್ನೇ ಹಾಳುಗೆಡವುತ್ತದೆ. ಮೂರು ವಾರದೊಳಗಿನ ಮರಿಗಳಲ್ಲಿ ಈ ಸೋಂಕು ಹೊರಗೆ ಕಾಣಿಸದೇ ಹೋಗಬಹುದು. ಆದರೆ ಅಂತಹ ಮರಿಗಳಿಗೆ ಮುಂದೆ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ನಿರೀಕ್ಷಿತ ಪ್ರತಿಕಾಯಗಳು ಹುಟ್ಟುವುದಿಲ್ಲ. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿನ ಅಫ್ಲಾಟಾಕ್ಸಿನ್ ವಿಷವೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ.

ಸಾಮಾನ್ಯ ಲಸಿಕಾ ವೇಳಾಪಟ್ಟಿ

• 1ನೇ ದಿನ: ಮಾರೆಕ್ಸ್ ಲಸಿಕೆ, ಚರ್ಮದಡಿ (ಸಾಮಾನ್ಯವಾಗಿ ಮರಿ ಉತ್ಪಾದನಾ ಕೇಂದ್ರದಲ್ಲಿ)
• 5-7ನೇ ದಿನ: ಲಸೋಟಾ ಅಥವಾ ಎಫ್ ಲಸಿಕೆ, ಕಣ್ಣು ಅಥವಾ ಮೂಗಿಗೆ ಒಂದು ಹನಿ
• 14ನೇ ದಿನ: ಗುಂಬೋರೋ ಲಸಿಕೆ, ಕಣ್ಣಿಗೆ ಹನಿ ಅಥವಾ ಕುಡಿಯುವ ನೀರಿನಲ್ಲಿ
• 28ನೇ ದಿನ: ಲಸೋಟಾ, ಕುಡಿಯುವ ನೀರಿನಲ್ಲಿ
• 8ನೇ ವಾರ: ಆರ್ 2 ಬಿ ಲಸಿಕೆ, ಚುಚ್ಚುಮದ್ದು (ಮೊಟ್ಟೆಕೋಳಿ ಹಾಗೂ ಹಿತ್ತಲ ಕೋಳಿಗಳಿಗೆ)

ಆರ್ 2 ಬಿ ಪ್ರಬಲವಾದ ಲಸಿಕೆಯಾದ್ದರಿಂದ ಎಳೆಯ ಮರಿಗಳಿಗೆ ನೀಡಬಾರದು. ಸ್ಥಳೀಯ ರೋಗಸ್ಥಿತಿಗೆ ತಕ್ಕಂತೆ ಈ ಪಟ್ಟಿಯನ್ನು ಪಶುವೈದ್ಯರ ಸಲಹೆ ಪಡೆದು ಮಾರ್ಪಡಿಸಿಕೊಳ್ಳಿ.

ಲಸಿಕೆ ಹಾಕುವಾಗ ಗಮನಿಸಬೇಕಾದ ಅಂಶಗಳು

• ಲಸಿಕೆಯನ್ನು 2-8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸಂಗ್ರಹಿಸಿ, ಮಂಜುಗಡ್ಡೆಯಿರುವ ಥರ್ಮಾಸಿನಲ್ಲಿ ಸಾಗಿಸಿ. ಬಿಸಿಲು ತಾಗಿಸಬೇಡಿ.
• ಮುಂಜಾನೆ ಅಥವಾ ಸಂಜೆಯ ತಂಪು ಹೊತ್ತಿನಲ್ಲಿ, ಆರೋಗ್ಯವಾಗಿರುವ ಕೋಳಿಗಳಿಗೆ ಮಾತ್ರ ಲಸಿಕೆ ಹಾಕಿ.
• ನೀರಿನಲ್ಲಿ ನೀಡುವುದಾದರೆ ಕ್ಲೋರಿನ್ ರಹಿತ ತಣ್ಣೀರನ್ನು ಬಳಸಿ, ಪ್ರತಿ ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ. ಅದಕ್ಕೆ ಮೊದಲು 1-2 ಗಂಟೆ ನೀರು ಕೊಡದೆ, ಲಸಿಕೆಯ ನೀರನ್ನು 2 ಗಂಟೆಯೊಳಗೆ ಕುಡಿದು ಮುಗಿಸುವಂತೆ ನೋಡಿಕೊಳ್ಳಿ.
• ಒಮ್ಮೆ ಕಲಸಿದ ಲಸಿಕೆಯನ್ನು ಮರುದಿನಕ್ಕೆ ಉಳಿಸಬೇಡಿ.

ಲಸಿಕೆಯೊಂದೇ ಸಾಲದು

ಲಸಿಕೆ ಪಡೆದ ಕೋಳಿಗೂ ಸೋಂಕು ತಗುಲಬಹುದು. ಅದು ರೋಗಲಕ್ಷಣ ತೋರದೆ ಬದುಕುಳಿದರೂ ಹಿಕ್ಕೆ ಹಾಗೂ ಉಸಿರಿನ ಮೂಲಕ ವೈರಾಣುವನ್ನು ಹೊರಸೂಸಿ, ಲಸಿಕೆ ಪಡೆಯದ ನೆರೆಮನೆಯ ಕೋಳಿಗಳಿಗೆ ಹರಡಬಲ್ಲದು. ಆದ್ದರಿಂದ ಸಂತೆಯಿಂದ ತಂದ ಕೋಳಿಗಳನ್ನು ಎರಡು-ಮೂರು ವಾರ ಪ್ರತ್ಯೇಕವಾಗಿಡಿ. ಹಸಿರು ಭೇದಿ, ಏದುಸಿರು, ಕುತ್ತಿಗೆ ತಿರುಚುವಿಕೆ ಕಂಡರೆ ಕೋಳಿಗಳನ್ನು ಮಾರದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಗಳನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ವಿಸ್ತರಣಾ ಕಾರ್ಯಕರ್ತರು ಒಂದು ಗ್ರಾಮದ ಎಲ್ಲ ಮನೆಗಳ ಕೋಳಿಗಳಿಗೂ ಒಂದೇ ದಿನ ಲಸಿಕೆ ಹಾಕಿಸಲು ಯತ್ನಿಸಬೇಕು. ಲಸಿಕೆ ಹಾಕಿದ 2-3 ವಾರಗಳ ನಂತರ ಕೆಲವು ಕೋಳಿಗಳ ರಕ್ತಸಾರವನ್ನು ಎಚ್.ಐ. ಪರೀಕ್ಷೆಗೆ ಕಳುಹಿಸಿದರೆ ಪ್ರತಿಕಾಯಗಳ ಮಟ್ಟ ತಿಳಿಯುತ್ತದೆ. ಕೊಕ್ಕರೆ ರೋಗಕ್ಕೆ ಚಿಕಿತ್ಸೆಯಿಲ್ಲ. ಸಕಾಲದಲ್ಲಿ ಸರಿಯಾಗಿ ಹಾಕಿದ ಲಸಿಕೆ ಹಾಗೂ ಶುಚಿತ್ವಗಳೇ ಇದಕ್ಕಿರುವ ದಾರಿ.