ಆಟದಲ್ಲಿ ಆಪ್ತವಾಕ್ಯ

ಆಟವೆಂದರೆ ಹೊತ್ತು ಕಳೆಯುವ ಸಾಧನವೆಂದು ತಿಳಿಯುವವರು ಬಹಳ. ನಾವೂ ಈಚಿನ ವರೆಗೆ ಹಾಗೆಯೇ ತಿಳಿದಿದ್ದೆವು. ಆದರೆ ಕಳೆದ ಮಳೆಗಾಲದಲ್ಲಿ ಗುಂಜಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಆಟವು, ಮೂವತ್ತು ವರ್ಷಗಳ ಮಾಸ್ತರಿಕೆಯೂ ನಮಗೆ ನೆಟ್ಟಗೆ ಕಲಿಸದಿದ್ದ ಒಂದು ಮಾತನ್ನು ಕಲಿಸಿತು. ಅದನ್ನು ವಾಚಕರ ಮುಂದೆ ಇಡುವದಕ್ಕಾಗಿ ಈ ಲೇಖವನ್ನು ಬರೆಯುತ್ತೇವೆ.

ಗುಂಜಿಯು ಖಾನಾಪುರ ತಾಲೂಕಿನ ಊರು. ಬೆಳಗಾವಿಯಿಂದ ಲೋಂಡಾಕ್ಕೆ ಹೋಗುವ ರೇಲ್ವೆ ದಾರಿಯ ಮೇಲೆ, ಸಹ್ಯಾದ್ರಿಯ ಕಾಡಿನ ಮಗ್ಗುಲಲ್ಲಿ ಇರುವದು. ಇಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳು ಅಂಗಳಕ್ಕೆ ಇಳಿಯುವಂತಿಲ್ಲ. ಮಳೆಯ ಮೂಲಕ ಶಾಲೆಗಳಿಗೆ ಸೂಟಿ ಬಿದ್ದಿದ್ದ ಇಂಥ ದಿನಗಳಲ್ಲಿ, ಬೆಳಗಾವಿಯಲ್ಲಿ ಓದುತ್ತಿರುವ ನಮ್ಮ ತಮ್ಮನ ಮಗನು ಒಂದು ಚೀಲದಲ್ಲಿ ಕಾಗದ, ಸೀಸದಕಡ್ಡಿ, ಇಪ್ಪತ್ತು ಮುಖಗಳುಳ್ಳ ಒಂದು ದಾಳ ಇವಿಷ್ಟನ್ನು ತಂದನು. ಹನ್ನೊಂದು ವರ್ಷದ ನಮ್ಮ ಮೊಮ್ಮಗಳೂ ನೆರೆಮನೆಯ ಇಬ್ಬರು ಹುಡುಗರೂ ಅವನ ಸುತ್ತ ಕುಳಿತರು.

ಈ ಆಟಕ್ಕೆ ಚದುರಂಗದಂತೆ ಮಣೆಯಿಲ್ಲ, ಪಗಡೆಯಂತೆ ಹಾಸಿಲ್ಲ. ಒಬ್ಬನು ಒಂದು ಕಲ್ಪಿತ ಲೋಕವನ್ನು ಬಾಯಿಂದ ವರ್ಣಿಸುವನು. ಉಳಿದವರು ಆ ಲೋಕದೊಳಗಿನ ಒಬ್ಬೊಬ್ಬ ವ್ಯಕ್ತಿಯಾಗಿ ತಾವು ಏನು ಮಾಡುವೆವೆಂಬದನ್ನು ಹೇಳುವರು. ಮಾಡಿದ ಕೆಲಸವು ಕೈಗೂಡುವದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳವು ತೀರ್ಪು ಕೊಡುವದು. ವರ್ಣಿಸುವವನನ್ನು ಗೇಮ್ ಮಾಸ್ಟರ್, ಅಂದರೆ ಆಟದ ಮಾಸ್ತರನೆಂದು ಕರೆಯುವರು. ಅಮೇರಿಕೆಯಲ್ಲಿ ಗೊಂಬೆ ಸೈನಿಕರನ್ನು ಇಟ್ಟು ಆಡುವ ಯುದ್ಧದಾಟಗಳಿಂದ ಇದು ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬದು ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಹೊರಬಿದ್ದದ್ದು.

ಇದನ್ನು ನಡೆಯಿಸುವ ರೀತಿಗಳು ಎರಡು. ಕಥೆಯನ್ನು ಮೊದಲೇ ಕಟ್ಟಿಟ್ಟು, ಆಡುವವರನ್ನು ಅದರ ಗುಂಟ ನಡೆಯಿಸುವದು ಒಂದು. ಇದು ಅತಿಯಾದರೆ, ರೇಲ್ವೆ ಹಳಿಯ ಮೇಲೆ ಓಡಿಸಿದಂತಾಯಿತೆಂದು ಆಟಗಾರರು ಗೊಣಗುವರು. ಗುಂಜಿಯವರಾದ ನಮಗೆ ಈ ಉಪಮೆಯು ಕೂಡಲೆ ತಿಳಿಯಿತು; ನಮ್ಮ ಸ್ಟೇಶನ್ನಿನಿಂದ ತೆಂಕಕ್ಕೆ ಹೊರಟ ಗಾಡಿಯು, ಒಳಗೆ ಕುಳಿತವನ ಮನಸ್ಸು ಎಲ್ಲಿದ್ದರೂ, ಲೋಂಡಾಕ್ಕೇ ಹೋಗತಕ್ಕದ್ದು. ಎರಡನೆಯದನ್ನು ಉಸುಕಿನ ಆಟವೆನ್ನಬಹುದು. ಉಸುಕಿನ ಗುಂಪೆಯಲ್ಲಿ ಕೂಸು ತನಗೆ ಬೇಕಾದಲ್ಲಿ ಬಾವಿ ತೋಡುವಂತೆ, ಇಲ್ಲಿ ಆಡುವವರು ತಮಗೆ ಬೇಕಾದತ್ತ ಹೋಗುವರು. ಮಾಸ್ತರನು ನಾಡನ್ನು, ಹೊಳೆಯನ್ನು, ಕೋಟೆಯನ್ನು, ಅಲ್ಲಿಯ ಜನರ ಸ್ವಭಾವವನ್ನು ಸಿದ್ಧಪಡಿಸಿಡುವನು. ಮುಂದೇನಾಗಬೇಕೆಂಬದನ್ನು ಮಾತ್ರ ಬರೆದಿಡುವದಿಲ್ಲ.

ನಮ್ಮ ಹುಡುಗನು ಈ ಎರಡನೆಯ ರೀತಿಯನ್ನೇ ಹಿಡಿದಿದ್ದನು. ಒಂದು ದಿನ ಮಕ್ಕಳು ಅವನು ಬಹು ಶ್ರಮದಿಂದ ಬರೆದ ಕೋಟೆಯನ್ನು ಬಿಟ್ಟು, ಹೊಳೆಯು ಎಲ್ಲಿ ಹುಟ್ಟುವದೆಂಬದನ್ನು ನೋಡಿಬರುವೆವೆಂದು ಹಟಹಿಡಿದರು. ಕೋಟೆಯನ್ನೇ ಎತ್ತಿ ಹೊಳೆಯ ದಾರಿಯಲ್ಲಿ ಇಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. “ಅತ್ತಕಡೆ ಏನೈತಿ ಅಂತ ನಾ ಇನ್ನೂ ಬರದಿಲ್ಲ. ಚಹಾ ಕುಡೀರಿ, ಅಷ್ಟರಾಗ ಬರೀತೀನಿ” ಎಂದನು. ಆಗ ನಾವು ನಕ್ಕೆವು. ಅದರ ಬೆಲೆಯು ನಮಗೆ ಆಮೇಲೆ ತಿಳಿಯಿತು.

ಕರಾವಳಿಯ ತಾಳಮದ್ದಳೆಯನ್ನು ಬಲ್ಲ ವಾಚಕರಿಗೆ ಇದು ತೀರ ಅಪರಿಚಿತವಾಗಿ ತೋರದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದವನ್ನು ಹಾಡುವನು. ಅರ್ಥಧಾರಿಯು ಅದನ್ನು ಆ ಕ್ಷಣಕ್ಕೆ ಹೊಳೆದ ಮಾತುಗಳಿಂದ ಬೆಳೆಯಿಸುವನು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯಿಂದಲೇ ನಾಡಿನಲ್ಲೆಲ್ಲ ಹೆಸರಾದರು. ಆದರೆ ವಾಲಿಯ ಅರ್ಥ ಹೇಳುವವನು ವಾದದಲ್ಲಿ ರಾಮನನ್ನು ಎಷ್ಟೇ ಕಟ್ಟಿಹಾಕಿದರೂ ಕಡೆಗೆ ವಾಲಿಯು ಬೀಳಲೇಬೇಕು. ಅಲ್ಲಿ ಪ್ರಸಂಗವೆಂಬ ಆಧಾರವು ಎಲ್ಲರಿಗೂ ಮೊದಲೇ ಗೊತ್ತಿರುವದು. ಉಸುಕಿನ ಆಟದಲ್ಲಿ ಆ ಆಧಾರವೂ ಇಲ್ಲ. ಅಂದಮೇಲೆ ಆಡುವವರು ಯಾವದರ ಮೇಲೆ ಕಾಲೂರಿ ನಿಲ್ಲಬೇಕು?

ನಮ್ಮ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಉತ್ತರವುಂಟು. ಕಣ್ಣಿಗೆ ಕಾಣದ್ದನ್ನು, ಊಹೆಗೂ ನಿಲುಕದ್ದನ್ನು ನಾವು ಶಬ್ದದಿಂದ, ಅಂದರೆ ನಂಬತಕ್ಕವನ ಮಾತಿನಿಂದ ಅರಿಯುತ್ತೇವೆ. ಅಂಥವನಿಗೆ ಆಪ್ತನೆಂದು ಹೆಸರು. ವಸ್ತುವನ್ನು ಇದ್ದಂತೆ ಬಲ್ಲವನೂ, ಬಲ್ಲಂತೆ ಹೇಳಬೇಕೆಂಬ ಇಚ್ಛೆಯುಳ್ಳವನೂ ಆಪ್ತನೆಂದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಆಟದ ಲೋಕವನ್ನು ಕಂಡವನು ಮಾಸ್ತರನೊಬ್ಬನೇ. ಉಳಿದವರಿಗೆ ಅವನ ಮಾತಿನ ಹೊರತು ಬೇರೆ ಕಣ್ಣಿಲ್ಲ. ಆದಕಾರಣ ಅವನು ಮೊದಲು ಆಪ್ತನಾಗಿರಬೇಕು. ಜಾಣನಾಗಿರುವದು ಆಮೇಲಿನ ಮಾತು.

ಇಷ್ಟೆಲ್ಲ ಶಾಸ್ತ್ರವನ್ನು ಬಲ್ಲ ನಾವೇ ಎಡವಿದೆವು. ತಮ್ಮನ ಮಗನು ಪರೀಕ್ಷೆಗಾಗಿ ಬೆಳಗಾವಿಗೆ ಹೋಗಬೇಕಾಯಿತು. “ದೊಡ್ಡಪ್ಪಾ, ನಾಕ ದಿವಸ ನೀವ ನಡಸ್ರಿ” ಎಂದು ನಕಾಶೆಯನ್ನೂ ಟಿಪ್ಪಣಿಗಳನ್ನೂ ನಮ್ಮ ಕೈಯಲ್ಲಿಟ್ಟನು. ನಾವು ಅಮರಕೋಶದ ದಪ್ಪ ಪ್ರತಿಯೊಂದನ್ನು ಮುಂದೆ ನಿಲ್ಲಿಸಿಕೊಂಡು, ಅದರ ಮರೆಯಲ್ಲಿ ದಾಳವನ್ನು ಒಗೆಯುತ್ತ ಕುಳಿತೆವು.

ಮೊಮ್ಮಗಳು ಆಟದಲ್ಲಿ ಅಂಬಿಗರ ಹುಡುಗಿಯಾಗಿದ್ದಳು. ಆ ಹುಡುಗಿಯನ್ನು ಅವಳು ಮೂರು ವಾರಗಳಿಂದ ಜೋಪಾನ ಮಾಡಿ ಬೆಳೆಯಿಸಿದ್ದಳು. ಆ ಸಂಜೆ ಅವಳು ಮೊದಲು ದಾರಿಗಳ್ಳರನ್ನು ಎದುರಿಸಿ ಗೆದ್ದಳು. ದಾಳವು ಹದಿನೆಂಟು ಬಿದ್ದಿತ್ತು. ಬಳಿಕ ಆಚೆಯ ದಂಡೆಯಲ್ಲಿ ಜ್ವರದಿಂದ ಮಲಗಿದ್ದ ಗೆಳೆಯನಿಗೆ ಔಷಧವನ್ನು ಒಯ್ಯುವದಕ್ಕಾಗಿ, ತುಂಬಿದ ಹೊಳೆಯಲ್ಲಿ ದೋಣಿಯನ್ನು ಹಾಕುವೆನೆಂದಳು. ಹನ್ನೆರಡು ಅಥವಾ ಅದಕ್ಕೂ ಮೇಲೆ ಬಿದ್ದರೆ ಪಾರು, ಇಲ್ಲವಾದರೆ ದೋಣಿ ಮುಳುಗುವದೆಂದು ಹೇಳಿದೆವು. ಇಪ್ಪತ್ತರಲ್ಲಿ ಒಂಬತ್ತೇ ಪಾಲು ಅನುಕೂಲ. ಅವಳು ಕ್ಷಣಹೊತ್ತು ಯೋಚಿಸಿ, ಹೋಗಿಯೇ ಹೋಗುವೆನೆಂದಳು. ದಾಳವು ಏಳು ಬಿದ್ದಿತು. ನಾವು ಅವಳ ಮುಖವನ್ನು ನೋಡಿದೆವು. ನೋಡಿ, “ಹದಿನಾಲ್ಕು” ಎಂದುಬಿಟ್ಟೆವು.

ಮಕ್ಕಳು ಚಪ್ಪಾಳೆ ತಟ್ಟುವಷ್ಟರಲ್ಲಿ ಮಳೆಗೆ ವಿದ್ಯುತ್ತು ಹೋಯಿತು. ಮೇಣಬತ್ತಿಯನ್ನು ಹಿಡಿದು ನಮ್ಮ ಮಗ್ಗುಲಿಗೆ ಬಂದ ಮೊಮ್ಮಗಳು ಪುಸ್ತಕದ ಹಿಂದೆ ಮಿಸುಕದೆ ಬಿದ್ದಿದ್ದ ದಾಳವನ್ನು ಕಂಡಳು. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: “ಅಜ್ಜಾ, ಹಂಗಾರ ಕಳ್ಳರ ಕೂಡ ನಾ ಗೆದ್ದದ್ದೂ ಸುಳ್ಳೇನ್ರಿ?”

ಅದು ಸುಳ್ಳಾಗಿರಲಿಲ್ಲ. ಹದಿನೆಂಟು ಬಿದ್ದದ್ದು ನಿಜವೆಂದು ನಾವು ಆಣೆಯಿಟ್ಟಂತೆ ಹೇಳಿದೆವು. ಅವಳು ನಂಬಲಿಲ್ಲ, ನಂಬುವದಕ್ಕೆ ನಾವು ಆಧಾರವನ್ನೇ ಉಳಿಸಿರಲಿಲ್ಲ. ಅವಳನ್ನು ಸೋಲಿನಿಂದ ಉಳಿಸಲು ಹೋಗಿ ಅವಳ ಗೆಲುವನ್ನೇ ಕಸಿದುಕೊಂಡಿದ್ದೆವು. ಶಕುನಿಯು ಗೆಲ್ಲುವ ಸಲುವಾಗಿ ಕಪಟವಾಡಿದನು, ನಾವು ವಾತ್ಸಲ್ಯದ ಸಲುವಾಗಿ ಆಡಿದೆವು. ಹೇತುವಿನಲ್ಲಿ ಭೇದವು ದೊಡ್ಡದು. ಆದರೆ ಎದುರಿಗೆ ಕುಳಿತವರ ಪಾಲಿಗೆ ಮುಂದಿನ ದಾಳವು ಎರಡು ಕಡೆಗೂ ಒಂದೇ ಬಗೆಯಾಗಿ ಸುಳ್ಳಾಗುವದು.

ಇದಕ್ಕೆ ಪ್ರತಿಯಾಗಿ ಹೇಳುವವರಿಲ್ಲವೆಂದಲ್ಲ. 1979ರಲ್ಲಿ ಗೈಗ್ಯಾಕ್ಸನು ಮಾಸ್ತರರಿಗಾಗಿ ಬರೆದ ಗ್ರಂಥದಲ್ಲಿಯೇ ಪ್ರಸಂಗ ಬಿದ್ದರೆ ದಾಳದ ತೀರ್ಪನ್ನು ಮೀರುವ ಅಧಿಕಾರವು ಅವರಿಗೆ ಕೊಡಲ್ಪಟ್ಟಿದೆ. ಹಾಗೆ ಆಡುವೆವೆಂದು ಎಲ್ಲರೂ ಮೊದಲೇ ಒಪ್ಪಿದ್ದರೆ ಅದರಲ್ಲಿ ದೋಷವಿಲ್ಲ. ದಾಳವೇ ಪ್ರಮಾಣವೆಂದು ಕೂಡ್ರಿಸಿ, ಬಳಿಕ ಮರೆಯಲ್ಲಿ ಅದನ್ನು ತಿದ್ದುವದು ಮಾತ್ರ ದೋಷ. ಹಾಗೆಂದು ಮಾಸ್ತರನು ಎಲ್ಲವನ್ನೂ ಬಿಚ್ಚಿ ಹೇಳತಕ್ಕದ್ದೂ ಅಲ್ಲ. ಬಾಗಿಲಿನ ಹಿಂದೆ ಏನಿರುವದೆಂಬದನ್ನು ಅವನು ಮುಚ್ಚಿಡಬಹುದು, ಮುಚ್ಚಿಡಬೇಕು. ಗೋಪನವು ಬೇರೆ, ಅನೃತವು ಬೇರೆ. ಬಾಗಿಲು ತೆರೆದಾಗ, ಮೊದಲಿನಿಂದ ಅಲ್ಲಿದ್ದದ್ದೇ ಕಾಣಿಸಿದರಾಯಿತು. ಅಪಾಯವಿದ್ದಲ್ಲಿ ಅದರ ಸುಳಿವನ್ನು ಮುಂಚಿತವಾಗಿ ಕೊಡುವದು, ಒಬ್ಬನಿಗೆ ಹಚ್ಚಿದ ನಿಯಮವನ್ನು ಎಲ್ಲರಿಗೂ ಹಚ್ಚುವದು, ತಿಳಿಯದ್ದನ್ನು ತಿಳಿಯದೆನ್ನುವದು, ತಪ್ಪಿದರೆ ಒಪ್ಪಿಕೊಳ್ಳುವದು ಇವು ಅವನ ಧರ್ಮ.

ಆಡುವವರಿಗೂ ಧರ್ಮವುಂಟು. ತಾವು ಒಗೆದ ದಾಳವನ್ನು ಇದ್ದಂತೆ ಹೇಳಬೇಕು. ‘ನನ್ನ ಪಾತ್ರದ ಸ್ವಭಾವವೇ ಹೀಗೆ’ ಎಂದು ನೆವಮಾಡಿ ಜೊತೆಯವರ ಗಂಟನ್ನು ಕದ್ದು ಆಟದ ಸುಖವನ್ನು ಕೆಡಿಸಬಾರದು. ಕಷ್ಟ ಬಂದಾಗಲೆಲ್ಲ ಮಾಸ್ತರನು ಹಗೆ ಸಾಧಿಸುತ್ತಿರುವನೆಂದು ಶಂಕಿಸಬಾರದು. ಎಲ್ಲಿಗಾದರೂ ಹೋಗಿರೆಂದು ಅವನು ಬಿಟ್ಟಿರುವದು ಇವರನ್ನು ನಂಬಿಯೇ ಅಲ್ಲವೇ?

ಮನೆಯಲ್ಲಿ ಮಕ್ಕಳನ್ನು ಬೆಳೆಯಿಸುವವರು ಈ ಮಾತನ್ನು ಆಟದ ಆಚೆಗೂ ಯೋಚಿಸಬೇಕೆಂದು ನಮ್ಮ ಬಿನ್ನಹ. ನಾವು ಶಾಲೆಯಲ್ಲಿ ಕನಿಕರದಿಂದ ಹೆಚ್ಚಿಗೆ ಕೊಟ್ಟ ಅಂಕಗಳು ಎಷ್ಟೋ. ಅವುಗಳನ್ನು ಪಡೆದ ಹುಡುಗರು ತಾವೇ ಗಳಿಸಿದ ಅಂಕಗಳನ್ನು ಕೂಡ ಸಂಶಯದಿಂದ ನೋಡಿರಬಹುದೆಂಬದು ಅಂದು ನಮಗೆ ಹೊಳೆದಿರಲಿಲ್ಲ.

ಮರುದಿನ ನಾವು ಮಕ್ಕಳೆಲ್ಲರೆದುರಿಗೆ ತಪ್ಪನ್ನು ಒಪ್ಪಿಕೊಂಡು, ಏನು ಮಾಡೋಣವೆಂದು ಮೊಮ್ಮಗಳನ್ನೇ ಕೇಳಿದೆವು. “ಏಳು ಅಂದರ ಏಳ” ಎಂದಳು. ಅಂಬಿಗರ ಹುಡುಗಿಯನ್ನು ಹೊಳೆಯು ಒಯ್ದಿತು. ಮೊಮ್ಮಗಳು ಅತ್ತಳು, ಅತ್ತು ಮುಗಿದ ಮೇಲೆ ಹೊಸ ಕಾಗದವನ್ನು ತೆಗೆದುಕೊಂಡು ಆ ಹುಡುಗಿಯ ತಂಗಿಯನ್ನು ಬರೆದಳು. ಅಮರಕೋಶವು ತನ್ನ ಕಪಾಟಿಗೆ ಹೋಯಿತು. ದಾಳವು ನಡುವೆ ಇಟ್ಟ ಹಿತ್ತಾಳೆಯ ತಾಟಿನಲ್ಲಿ ಎಲ್ಲರ ಕಣ್ಣೆದುರಿಗೆ ಬೀಳತೊಡಗಿತು. ಎರಡು ದಿನ ಅವಳು ಪ್ರತಿಯೊಂದು ಸಲವೂ ಮೊದಲು ದಾಳವನ್ನು, ಆಮೇಲೆ ನಮ್ಮ ಮುಖವನ್ನು ನೋಡುತ್ತಿದ್ದಳು.

ಮೂರನೆಯ ದಿನ ಆಟವು ಬಿರುಸಿನಲ್ಲಿದ್ದಾಗ ಅವಳು ಎದ್ದು, “ಅಜ್ಜಾ, ನೀವ ಒಗೀರಿ, ನಾ ನೀರ ಕುಡದ ಬರ್ತೀನಿ” ಎಂದು ಒಳಗೆ ಹೋದಳು. ಹುಡುಗರಿಬ್ಬರೂ ಕಿಟಕಿಯಲ್ಲಿ ಮಳೆಯನ್ನು ನೋಡುತ್ತಿದ್ದರು. ದಾಳವು ಮೂರು ಬಿದ್ದಿತು. ಅವಳು ಬಂದು, “ಎಷ್ಟ ಬಿತ್ರಿ?” ಎಂದಳು. “ಮೂರು” ಎಂದೆವು. ಅವಳು ತಾಟಿನ ಕಡೆಗೆ ನೋಡದೆಯೇ ನಿಟ್ಟುಸಿರುಬಿಟ್ಟು, ಮುಂದಿನದನ್ನು ಯೋಚಿಸುತ್ತ ಕುಳಿತಳು.